ನಮೂದೇ ಇಲ್ಲದ ಸೆಟ್ಟಿಂಗ್ ಮತ್ತು ಖಾಲಿ ಬಿಟ್ಟ ಸೆಟ್ಟಿಂಗ್: ಪ್ರೋಗ್ರಾಂ ಇವೆರಡನ್ನೂ ಒಂದೇ ಎಂದು ಎಣಿಸಬಹುದೇ?

ಸೆಟ್ಟಿಂಗ್_ಓದುಗ (ಚರ್ಚೆ ಆರಂಭಿಸಿದವರು)

ಹಲವು ಸರ್ವಿಸ್‌ಗಳು ಸಾಮಾನ್ಯವಾಗಿ ಬಳಸುವ, ಕಾನ್ಫಿಗ್ ಫೈಲ್ ಓದಿಕೊಡುವ ಒಂದು ಚಿಕ್ಕ ಲೈಬ್ರರಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಅದು ಮೂರು ಹಂತಗಳಿಂದ ಮೌಲ್ಯಗಳನ್ನು ತೆಗೆದುಕೊಳ್ಳುತ್ತದೆ. ಕೋಡಿನಲ್ಲೇ ಇರುವ ಡಿಫಾಲ್ಟ್ ಮೌಲ್ಯ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಕಾನ್ಫಿಗ್ ಫೈಲ್, ಅದಕ್ಕೂ ಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂ ಆರಂಭವಾಗುವಾಗ ಹೊರಗಿನಿಂದ ಅದಕ್ಕೆ ಸಿಗುವ ಹೆಸರು-ಮೌಲ್ಯ ಜೋಡಿ). ಈಗಿರುವ ನಡವಳಿಕೆಯ ಪ್ರಕಾರ, ಯಾವುದೇ ಹಂತದಲ್ಲಿ ಮೌಲ್ಯ ಖಾಲಿ ಇದ್ದರೆ ಆ ಹಂತದಲ್ಲಿ ಏನೂ ಹೇಳಿಲ್ಲವೆಂದು ಭಾವಿಸಿ ಲೈಬ್ರರಿ ಕೆಳಗಿನ ಹಂತವನ್ನು ನೋಡುತ್ತದೆ.

ಇದರಿಂದ ಒಂದು ತೊಡಕು ಎದುರಾಗಿದೆ. ಎಲ್ಲ ಯಂತ್ರಗಳಿಗೂ ಹೋಗುವ ಕಾನ್ಫಿಗ್ ಫೈಲಿನಲ್ಲಿ ಪ್ರಾಕ್ಸಿ (ನೆಟ್‌ವರ್ಕ್ ಸಂಪರ್ಕಗಳು ಹಾದುಹೋಗುವ ಮಧ್ಯವರ್ತಿ ಸರ್ವರ್) ವಿಳಾಸ ಬರೆದಿದೆ. ಒಂದು ಯಂತ್ರದಲ್ಲಿ ಮಾತ್ರ ಪ್ರಾಕ್ಸಿ ಬೇಡ. ಅಲ್ಲಿ ಪ್ರಾಕ್ಸಿಯ ವೇರಿಯಬಲ್‌ಗೆ ಖಾಲಿ ಮೌಲ್ಯ ಕೊಟ್ಟರೆ ಲೈಬ್ರರಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಫೈಲಿನಲ್ಲಿರುವ ವಿಳಾಸವನ್ನೇ ಎತ್ತಿಕೊಳ್ಳುತ್ತದೆ. ಅಂದರೆ, ಕೆಳಗಿನ ಹಂತ ಒಮ್ಮೆ ಏನನ್ನಾದರೂ ಕೊಟ್ಟುಬಿಟ್ಟರೆ ಅದು ಬೇಡವೆಂದು ಹೇಳಲು ಮೇಲಿನ ಹಂತಕ್ಕೆ ದಾರಿಯೇ ಇಲ್ಲ.

ಇದಕ್ಕೆ ವಿರುದ್ಧವಾದ ಪ್ರಕರಣವೂ ಇದೆ. ಡೇಟಾಬೇಸ್ ಪಾಸ್‌ವರ್ಡ್ ತುಂಬಬೇಕಾದ ಟೆಂಪ್ಲೇಟ್ ಯಾವುದೋ ಕಾರಣಕ್ಕೆ ಖಾಲಿ ಸಾಲನ್ನು ಬರೆದರೆ, ಖಾಲಿ ಪಾಸ್‌ವರ್ಡ್ ಹಿಡಿದುಕೊಂಡು ಸರ್ವಿಸ್ ಆರಂಭವಾಗುವುದನ್ನು ಯಾರೂ ಬಯಸುವುದಿಲ್ಲ. ಹಾಗಾಗಿ ತಂಡದಲ್ಲಿ ಎರಡು ಅಭಿಪ್ರಾಯಗಳಿವೆ: ಖಾಲಿ ಎಂದರೆ ಇಲ್ಲವೆಂದೇ ಇರಲಿ ಎನ್ನುವವರು ಕೆಲವರು, ಎರಡನ್ನೂ ಬೇರ್ಪಡಿಸಲೇಬೇಕು ಎನ್ನುವವರು ಕೆಲವರು. ನಿಮ್ಮ ಪ್ರೋಗ್ರಾಂಗಳಲ್ಲಿ ಯಾವ ನಿಯಮ ಇಟ್ಟುಕೊಂಡಿದ್ದೀರಿ, ಏಕೆ ಎಂದು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಶೆಲ್_ಬಳಕೆದಾರ

ಎರಡನ್ನೂ ಬೇರ್ಪಡಿಸಲೇಬೇಕು ಎನ್ನುವ ಪಕ್ಷಕ್ಕೆ ಸೇರಿದವನು ನಾನು. ಈ ವ್ಯತ್ಯಾಸ ಇಂದು ನಿನ್ನೆಯದಲ್ಲ. ಪಾಸಿಕ್ಸ್ ಶೆಲ್‌ನಲ್ಲಿ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಆದೇಶ ಭಾಷೆಯಲ್ಲಿ) ವೇರಿಯಬಲ್‌ಗೆ ಡಿಫಾಲ್ಟ್ ಕೊಡಲು ಎರಡು ಬರವಣಿಗೆಗಳಿವೆ. ಹೆಸರಿನ ಮುಂದೆ ಬರಿಯ ಅಡ್ಡಗೆರೆ `-` ಬರೆದರೆ ವೇರಿಯಬಲ್ ಇಲ್ಲದಾಗ ಮಾತ್ರ ಡಿಫಾಲ್ಟ್ ಬಳಕೆಯಾಗುತ್ತದೆ; ಕೋಲನ್ ಸೇರಿಸಿ `:-` ಎಂದು ಬರೆದರೆ ವೇರಿಯಬಲ್ ಇದ್ದೂ ಖಾಲಿಯಾಗಿದ್ದಾಗಲೂ ಡಿಫಾಲ್ಟ್ ಬಳಕೆಯಾಗುತ್ತದೆ. ಅದೇ ರೀತಿ, ಮೌಲ್ಯ ಸಿಗದಿದ್ದರೆ ದೋಷ ತೋರಿಸಿ ನಿಲ್ಲುವ `?` ಮತ್ತು `:?`, ಮೌಲ್ಯ ಇದ್ದಾಗ ಮಾತ್ರ ಬೇರೊಂದು ಪಠ್ಯ ತುಂಬುವ `+` ಮತ್ತು `:+` ಜೋಡಿಗಳಿವೆ. ಎರಡರಲ್ಲಿ ಯಾವುದು ಬೇಕೆಂದು ಪ್ರತಿ ಸಲ ಬರೆಯುವವನೇ ನಿರ್ಧರಿಸಬೇಕು ಎಂಬುದು ಅಲ್ಲಿನ ವಿನ್ಯಾಸ. ಸಿ ಭಾಷೆಯ ಗೆಟ್‌ಎನ್ವ್ ಕೂಡ ವೇರಿಯಬಲ್ ಇಲ್ಲದಿದ್ದರೆ ನಲ್ ಪಾಯಿಂಟರ್ (ಏನೂ ಇಲ್ಲ ಎಂಬ ಸೂಚಕ) ಕೊಡುತ್ತದೆ, ಖಾಲಿ ಇದ್ದರೆ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಗೋ ಭಾಷೆಯ ಗೆಟ್‌ಎನ್ವ್ ಎರಡೂ ಸಂದರ್ಭಗಳಲ್ಲಿ ಖಾಲಿ ಸ್ಟ್ರಿಂಗನ್ನೇ ಕೊಡುತ್ತದೆ. 2015ರಲ್ಲಿ ಬಂದ 1.5ನೇ ಆವೃತ್ತಿಯಲ್ಲಿ, ವೇರಿಯಬಲ್ ಇದೆಯೋ ಇಲ್ಲವೋ ಎಂಬುದನ್ನು ಪ್ರತ್ಯೇಕವಾಗಿ ತಿಳಿಸುವ ಲುಕಪ್‌ಎನ್ವ್ ಸೇರಿಸಿದರು. ಬೇರ್ಪಡಿಸುವ ಅಗತ್ಯ ನಿಜಕ್ಕೂ ಇರದಿದ್ದರೆ ಆ ಹೊಸ ಫಂಕ್ಷನ್ ಬರುತ್ತಿರಲಿಲ್ಲ.

ಖಾಲಿಯನ್ನು ಲಘುವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ಲಿನಕ್ಸ್‌ನ ಲೈಬ್ರರಿ ಹುಡುಕುವ ಹಾದಿಯನ್ನು ಹೇಳುವ ವೇರಿಯಬಲ್ಲೇ ಉದಾಹರಣೆ. ಆ ವೇರಿಯಬಲ್‌ನಲ್ಲಿ ಡೈರೆಕ್ಟರಿಗಳನ್ನು ಕೋಲನ್‌ನಿಂದ ಬೇರ್ಪಡಿಸಿ ಬರೆಯುತ್ತೇವೆ, ಮತ್ತು ಎರಡು ಕೋಲನ್‌ಗಳ ನಡುವೆ ಅಥವಾ ಕೊನೆಯಲ್ಲಿ ಏನೂ ಇಲ್ಲದಿದ್ದರೆ ಅದಕ್ಕೆ ಈಗ ನಿಂತಿರುವ ಡೈರೆಕ್ಟರಿ ಎಂದು ಅರ್ಥ. ನಮ್ಮ ಡೈರೆಕ್ಟರಿಯ ಹೆಸರು, ಕೋಲನ್, ಅದರ ನಂತರ ಹಳೆಯ ಮೌಲ್ಯ ಎಂದು ಜೋಡಿಸುವ ಸ್ಕ್ರಿಪ್ಟುಗಳು ಎಷ್ಟೋ ಇವೆ. ಹಳೆಯ ಮೌಲ್ಯ ಇಲ್ಲದಿದ್ದಾಗ ಕೊನೆಯಲ್ಲಿ ಒಂಟಿ ಕೋಲನ್ ಉಳಿದುಬಿಡುತ್ತದೆ, ಮತ್ತು ಪ್ರೋಗ್ರಾಂ ಯಾವ ಡೈರೆಕ್ಟರಿಯಲ್ಲಿ ಓಡುತ್ತದೋ ಅಲ್ಲಿರುವ ಲೈಬ್ರರಿಯನ್ನೂ ಲೋಡ್ ಮಾಡಲು ಬಾಗಿಲು ತೆರೆದಂತಾಗುತ್ತದೆ. ಹಳೆಯ ಮೌಲ್ಯ ಇದ್ದು, ಖಾಲಿಯೂ ಅಲ್ಲದಿದ್ದಾಗ ಮಾತ್ರ ಕೋಲನ್ ಸೇರಿಸುವಂತೆ `:+` ಬಳಸುವುದೇ ಇದಕ್ಕೆ ಸರಿಯಾದ ಪರಿಹಾರ.

ಇನ್ನೊಂದು ವಿಷಯ. ಸ್ಕ್ರಿಪ್ಟಿನ ಮೊದಲಲ್ಲಿ `-ಯು` ಆಯ್ಕೆ ಹಾಕಿದ ಮಾತ್ರಕ್ಕೆ ನಾವು ಸುರಕ್ಷಿತರೆಂದು ಅನೇಕರು ನಂಬಿದ್ದಾರೆ. ಅದು ಹಿಡಿಯುವುದು ಇಲ್ಲದ ವೇರಿಯಬಲ್ಲನ್ನು ಮಾತ್ರ. ಖಾಲಿ ವೇರಿಯಬಲ್‌ನ ಮುಂದೆ ಓರೆಗೆರೆ ಸೇರಿಸಿ ಅಳಿಸುವ ಆದೇಶ ಕೊಟ್ಟರೆ ಅದು ರೂಟ್ ಡೈರೆಕ್ಟರಿಯನ್ನೇ ಮುಟ್ಟುತ್ತದೆ, ಮತ್ತು `-ಯು` ಅದನ್ನು ತಡೆಯುವುದಿಲ್ಲ. ಅಲ್ಲಿ ಬೇಕಾದದ್ದು `:?`.

ಡೇಟಾಬೇಸ್_ನಿರ್ವಾಹಕಿ

ಖಾಲಿ ಮೌಲ್ಯಕ್ಕೆ ಅದರದೇ ಆದ, ಬಹಳ ಉಪಯುಕ್ತವಾದ ಅರ್ಥವಿರುವ ಎರಡು ಸೆಟ್ಟಿಂಗ್‌ಗಳನ್ನು ಉಲ್ಲೇಖಿಸುತ್ತೇನೆ. ಎರಡೂ ನಿತ್ಯ ಬಳಕೆಯ ಸಾಫ್ಟ್‌ವೇರ್‌ಗಳಲ್ಲೇ ಇವೆ.

ಪೋಸ್ಟ್‌ಗ್ರೆಸ್‌ನಲ್ಲಿ ಸರ್ವರ್ ಯಾವ ವಿಳಾಸಗಳಲ್ಲಿ ಸಂಪರ್ಕಗಳನ್ನು ಸ್ವೀಕರಿಸಬೇಕೆಂದು ಹೇಳುವ 'ಲಿಸನ್ ಅಡ್ರೆಸಸ್' ಎಂಬ ಸೆಟ್ಟಿಂಗ್ ಇದೆ. ಆ ಸಾಲನ್ನು ಬರೆಯದೇ ಬಿಟ್ಟರೆ ಅದು ಲೋಕಲ್‌ಹೋಸ್ಟ್‌ನಲ್ಲಿ ಕೇಳಿಸಿಕೊಳ್ಳುತ್ತದೆ. ನಕ್ಷತ್ರ ಚಿಹ್ನೆ ಬರೆದರೆ ಯಂತ್ರದ ಎಲ್ಲ ವಿಳಾಸಗಳಲ್ಲೂ ಕೇಳಿಸಿಕೊಳ್ಳುತ್ತದೆ. ಖಾಲಿ ಸ್ಟ್ರಿಂಗ್ ಬರೆದರೆ ಟಿಸಿಪಿ ಸಂಪರ್ಕವನ್ನೇ ಸ್ವೀಕರಿಸುವುದಿಲ್ಲ. ಯುನಿಕ್ಸ್ ಸಾಕೆಟ್ ಮೂಲಕ ಮಾತ್ರ ಒಳಗೆ ಹೋಗಬಹುದು. ಅಂದರೆ ಇಲ್ಲಿ ಖಾಲಿ ಎನ್ನುವುದು ಡಿಫಾಲ್ಟ್‌ಗಿಂತಲೂ ಬಿಗಿಯಾದ ಆಯ್ಕೆ. ಇದನ್ನು ನಮೂದಿಲ್ಲದ ಸೆಟ್ಟಿಂಗ್ ಎಂದು ಎಣಿಸುವ ಲೈಬ್ರರಿಯನ್ನು ನಡುವೆ ಇಟ್ಟರೆ, ನಿರ್ವಾಹಕರು ಮುಚ್ಚಿದೆನೆಂದು ನಂಬಿದ ಬಾಗಿಲು ತೆರೆದೇ ಇರುತ್ತದೆ.

ರೆಡಿಸ್‌ನಲ್ಲಿ 'ಸೇವ್' ಸಾಲು ಕೂಡ ಹೀಗೆಯೇ. ಆ ಸಾಲೇ ಇಲ್ಲದಿದ್ದರೆ ಡಿಫಾಲ್ಟ್ ನಿಯಮದಂತೆ ಆಗಾಗ ಸ್ನ್ಯಾಪ್‌ಶಾಟ್ ಡಿಸ್ಕಿಗೆ ಬರೆಯಲ್ಪಡುತ್ತದೆ. 'ಸೇವ್' ಮುಂದೆ ಖಾಲಿ ಉದ್ಧರಣ ಚಿಹ್ನೆಗಳನ್ನು ಬರೆದರೆ ಸ್ನ್ಯಾಪ್‌ಶಾಟ್ ಪೂರ್ತಿ ನಿಲ್ಲುತ್ತದೆ. ಒಂದು ಕಡೆ ದತ್ತಾಂಶ ಉಳಿಯುತ್ತದೆ, ಇನ್ನೊಂದು ಕಡೆ ಉಳಿಯುವುದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸವನ್ನು ಓದುವ ಹಂತದಲ್ಲೇ ಅಳಿಸಿಹಾಕುವ ಹಕ್ಕು ಯಾವ ಲೈಬ್ರರಿಗೂ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಸೆಟ್ಟಿಂಗ್‌ಗಳನ್ನು ಫೈಲಿನ ಬದಲು ಟೇಬಲ್‌ನಲ್ಲಿ ಇಡುವವರಿಗೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಆರಕಲ್ ಡೇಟಾಬೇಸ್‌ನಲ್ಲಿ ಅಕ್ಷರ ಕಾಲಂಗೆ ಖಾಲಿ ಸ್ಟ್ರಿಂಗ್ ಬರೆದರೆ ಅದು ನಲ್ ಆಗಿಯೇ ಉಳಿಯುತ್ತದೆ. ಅಲ್ಲಿ ಎರಡನ್ನೂ ಬೇರ್ಪಡಿಸಬೇಕಾದರೆ ಇನ್ನೊಂದು ಕಾಲಂ ಬೇಕೇ ಬೇಕು.

ನಿಯೋಜನೆ_ವಿಭಾಗ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಮಟ್ಟಿಗೆ ನಾನು ಒಪ್ಪುವುದಿಲ್ಲ. ಫೈಲಿನಲ್ಲಿ ಬರೆದ ಖಾಲಿ ಮೌಲ್ಯವನ್ನು ಮನುಷ್ಯನೊಬ್ಬ ಯೋಚಿಸಿ ಬರೆದಿರಬಹುದು. ಎನ್ವಿರಾನ್‌ಮೆಂಟ್‌ನಲ್ಲಿ ಕಾಣುವ ಖಾಲಿ ಮೌಲ್ಯ ಬಹುಪಾಲು ಯಾರ ಉದ್ದೇಶವೂ ಅಲ್ಲ, ಅದು ನಡುವಿನ ಸಲಕರಣೆಗಳು ಬಿಟ್ಟುಹೋದ ಉಳಿಕೆ.

ಕಂಟೇನರ್‌ಗಳನ್ನು (ಪ್ರತ್ಯೇಕ ಆವರಣದಲ್ಲಿ ಓಡುವ ಪ್ರೋಗ್ರಾಂಗಳನ್ನು) ಒಂದು ಫೈಲಿನ ಮೂಲಕ ಆರಂಭಿಸುವ ಡಾಕರ್ ಕಂಪೋಸ್ ಅನ್ನೇ ತೆಗೆದುಕೊಳ್ಳಿ. ಅದರ ಫೈಲಿನಲ್ಲಿ ಬೇರೊಂದು ವೇರಿಯಬಲ್‌ನ ಮೌಲ್ಯವನ್ನು ತುಂಬುವಂತೆ ಬರೆದು, ಆ ವೇರಿಯಬಲ್ ಹೊರಗೆ ಇಲ್ಲದಿದ್ದರೆ, ಅದು ಒಂದು ಎಚ್ಚರಿಕೆಯ ಸಾಲನ್ನು ಮುದ್ರಿಸಿ ಖಾಲಿ ಸ್ಟ್ರಿಂಗ್ ತುಂಬುತ್ತದೆ. ಹೊರಗೆ 'ಇಲ್ಲ' ಎಂದಿದ್ದದ್ದು ಕಂಟೇನರ್ ಒಳಗೆ 'ಖಾಲಿ' ಆಗಿಬಿಡುತ್ತದೆ. ಅದೇ ಫೈಲಿನಲ್ಲಿ ವೇರಿಯಬಲ್‌ನ ಹೆಸರನ್ನು ಮಾತ್ರ ಬರೆದು ಸಮಚಿಹ್ನೆ ಹಾಕದೇ ಬಿಟ್ಟರೆ, ಹೊರಗೆ ಇಲ್ಲದ್ದು ಒಳಗೂ ಇರುವುದಿಲ್ಲ. ಒಂದು ಸಮಚಿಹ್ನೆಯ ಮೇಲೆ ಇಷ್ಟು ನಿಂತಿರುವಾಗ, ಬಂದ ಖಾಲಿಯನ್ನು ಆದೇಶವೆಂದು ಪಾಲಿಸುವುದು ಸುರಕ್ಷಿತವೇ?

ವಿಂಡೋಸ್‌ನಲ್ಲಿ ಪರಿಸ್ಥಿತಿ ಇನ್ನೂ ಬೇರೆ. ಅಲ್ಲಿನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ವೇರಿಯಬಲ್‌ಗೆ ಖಾಲಿ ಮೌಲ್ಯ ಕೊಟ್ಟರೆ ವೇರಿಯಬಲ್ಲೇ ಅಳಿಸಿಹೋಗುತ್ತದೆ. ಡಾಟ್‌ನೆಟ್‌ನಲ್ಲೂ ಖಾಲಿ ಸ್ಟ್ರಿಂಗ್ ಕೊಟ್ಟರೆ ವೇರಿಯಬಲ್ ಅಳಿಯುತ್ತಿತ್ತು. 2024ರ 9ನೇ ಆವೃತ್ತಿಯಿಂದ ಮಾತ್ರ ಅದು ನಿಜಕ್ಕೂ ಖಾಲಿ ಮೌಲ್ಯವನ್ನು ಇಡುತ್ತದೆ. ಎರಡೂ ವ್ಯವಸ್ಥೆಗಳಲ್ಲಿ ಓಡಬೇಕಾದ ಪ್ರೋಗ್ರಾಂ ಈ ವ್ಯತ್ಯಾಸದ ಮೇಲೆ ಅರ್ಥ ಕಟ್ಟಿದರೆ ಒಂದು ಕಡೆಯ ಬಳಕೆದಾರರಿಗೆ ಆ ಅರ್ಥವನ್ನು ವ್ಯಕ್ತಪಡಿಸಲು ಸಾಧ್ಯವೇ ಆಗುವುದಿಲ್ಲ.

ಬಹಳ ಜನ ಪಾಲಿಸುವ ಒಪ್ಪಂದಗಳೂ ಇದೇ ದಿಕ್ಕಿನಲ್ಲಿವೆ. ಬಳಕೆದಾರರ ಕಾನ್ಫಿಗ್ ಡೈರೆಕ್ಟರಿ ಎಲ್ಲಿರಬೇಕೆಂದು ಹೇಳುವ ಎಕ್ಸ್‌ಡಿಜಿ ನಿಯಮಾವಳಿ, ಸಂಬಂಧಪಟ್ಟ ವೇರಿಯಬಲ್ ಇಲ್ಲದಿದ್ದರೂ ಖಾಲಿ ಇದ್ದರೂ ಹೋಂ ಡೈರೆಕ್ಟರಿಯ ಡಿಫಾಲ್ಟ್ ಜಾಗವನ್ನೇ ಬಳಸಬೇಕೆಂದು ಸ್ಪಷ್ಟವಾಗಿ ಬರೆದಿದೆ. ಟರ್ಮಿನಲ್‌ನಲ್ಲಿ ಬಣ್ಣ ಬೇಡವೆಂದು ಹೇಳುವ 'ನೋ ಕಲರ್' ಒಪ್ಪಂದವೂ ವೇರಿಯಬಲ್ ಇದ್ದು ಖಾಲಿ ಅಲ್ಲದಿದ್ದಾಗ ಮಾತ್ರ ಅನ್ವಯಿಸುತ್ತದೆ.

ಸೆಟ್ಟಿಂಗ್_ಓದುಗ

ನಿಯೋಜನೆ ವಿಭಾಗದವರು ಹೇಳಿದ ಕಂಪೋಸ್ ಪ್ರಕರಣ ನಮ್ಮಲ್ಲೂ ಕಂಡುಬಂದಿದೆ. ಹಾಗಾದರೆ ಫೈಲಿಗೆ ಒಂದು ನಿಯಮ, ಎನ್ವಿರಾನ್‌ಮೆಂಟ್‌ಗೆ ಇನ್ನೊಂದು ನಿಯಮ ಎಂದು ಇಡಬೇಕೇ? ಹಾಗೆ ಇಟ್ಟರೆ ಪ್ರಾಕ್ಸಿ ಬೇಡವೆಂದು ಹೇಳುವ ದಾರಿ ಮತ್ತೆ ಮುಚ್ಚಿಹೋಗುತ್ತದಲ್ಲವೇ?

ಪಾರ್ಸರ್_ಅಭ್ಯಾಸಿ

ನನ್ನ ದೃಷ್ಟಿಯಲ್ಲಿ ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬರೆದವರು ಏನು ಬರೆದಿದ್ದಾರೆ ಎಂಬುದು ಒಂದು ಪ್ರಶ್ನೆ. ಬರೆದದ್ದನ್ನು ಈ ಸೆಟ್ಟಿಂಗ್ ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡುವುದು ಲೈಬ್ರರಿಯ ಕೆಲಸ, ಮತ್ತು ಅಲ್ಲಿ ಯಾವ ಮಾಹಿತಿಯೂ ಕಳೆದುಹೋಗಬಾರದು. ಎರಡನೆಯದು ಆಯಾ ಸೆಟ್ಟಿಂಗಿನ ಜವಾಬ್ದಾರಿ, ಮತ್ತು ಅದು ಸೆಟ್ಟಿಂಗನ್ನು ಘೋಷಿಸುವ ಒಂದೇ ಜಾಗದಲ್ಲಿ ತೀರ್ಮಾನವಾಗಬೇಕು. ಓದುವ ಹಂತದಲ್ಲೇ ಖಾಲಿಯನ್ನು ಇಲ್ಲವೆಂದು ಮಾಡಿಬಿಟ್ಟರೆ ಆಮೇಲೆ ಯಾರಿಗೂ ಆ ವ್ಯತ್ಯಾಸವನ್ನು ಮರಳಿ ಪಡೆಯಲು ಆಗುವುದಿಲ್ಲ. ಬೇರ್ಪಡಿಸಿ ಇಟ್ಟರೆ ಬೇಕಾದವರು ಯಾವಾಗ ಬೇಕಾದರೂ ಎರಡನ್ನೂ ಸೇರಿಸಿಕೊಳ್ಳಬಹುದು.

ಏನು ಬರೆದಿದ್ದಾರೆ ಎಂಬ ಪ್ರಶ್ನೆ ತೋರುವಷ್ಟು ಸರಳವೂ ಅಲ್ಲ, ಏಕೆಂದರೆ ಪ್ರತಿ ಫೈಲ್ ಸ್ವರೂಪಕ್ಕೂ ಅದರದೇ ಉತ್ತರವಿದೆ. ಯಾಮಲ್‌ನಲ್ಲಿ `ಪ್ರಾಕ್ಸಿ:` ಎಂದು ಬರೆದು ಮುಂದೆ ಏನೂ ಬರೆಯದಿದ್ದರೆ ಸಿಗುವುದು ನಲ್. ಖಾಲಿ ಸ್ಟ್ರಿಂಗ್ ಬೇಕಾದರೆ `ಪ್ರಾಕ್ಸಿ: ""` ಎಂದೇ ಬರೆಯಬೇಕು. ಎಷ್ಟೋ ಬಳಕೆದಾರರಿಗೆ ಮೊದಲನೆಯದೂ ಖಾಲಿ ಸ್ಟ್ರಿಂಗ್ ಎಂಬ ಭಾವನೆ ಇದೆ. ಜೇಸನ್‌ನಲ್ಲಿ ಮೂರು ಸ್ಥಿತಿಗಳೂ ಕಣ್ಣಿಗೆ ಕಾಣುವಂತೆ ಬೇರೆ ಬೇರೆ: ಕೀ ಇಲ್ಲ, ಕೀ ಇದ್ದು ನಲ್, ಕೀ ಇದ್ದು ಖಾಲಿ ಸ್ಟ್ರಿಂಗ್. 2013ರಲ್ಲಿ ಆರಂಭವಾಗಿ 2021ರಲ್ಲಿ 1.0 ತಲುಪಿದ ಟಾಮಲ್‌ನಲ್ಲಿ ನಲ್ ಎಂಬುದೇ ಇಲ್ಲ, ಮತ್ತು `ಪ್ರಾಕ್ಸಿ =` ಎಂದು ಬರೆದು ನಿಲ್ಲಿಸಿದರೆ ಆ ಫೈಲೇ ತಪ್ಪು ಎನಿಸಿಕೊಳ್ಳುತ್ತದೆ. ಈ ಬಿಗಿತನ ನನಗೆ ಬಹಳ ಹಿಡಿಸುತ್ತದೆ: ಬರೆಯುವವರು ಖಾಲಿ ಸ್ಟ್ರಿಂಗ್ ಬೇಕೆಂದು ಸ್ಪಷ್ಟವಾಗಿ ಹೇಳುತ್ತಾರೆ, ಇಲ್ಲವೇ ಸಾಲನ್ನೇ ತೆಗೆಯುತ್ತಾರೆ. ಜಾವಾದ ಪ್ರಾಪರ್ಟೀಸ್ ಫೈಲಿನಲ್ಲಿ ಕೀ ಮಾತ್ರ ಬರೆದರೂ, ಕೀ ಮತ್ತು ಸಮಚಿಹ್ನೆ ಬರೆದರೂ ಸಿಗುವುದು ಖಾಲಿ ಸ್ಟ್ರಿಂಗೇ. ಪೈಥಾನ್‌ನ ಕಾನ್ಫಿಗ್‌ಪಾರ್ಸರ್‌ನಲ್ಲಿ ಮೌಲ್ಯವಿಲ್ಲದ ಕೀಗೆ ಅವಕಾಶ ಕೊಡುವ ಆಯ್ಕೆ ಹಾಕಿದರೆ, ಬರಿಯ ಕೀಗೆ ನನ್ (ಪೈಥಾನ್‌ನ ನಲ್) ಬರುತ್ತದೆ, ಸಮಚಿಹ್ನೆ ಇದ್ದರೆ ಖಾಲಿ ಸ್ಟ್ರಿಂಗ್ ಬರುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಗಿಟ್‌ನ ಕಾನ್ಫಿಗ್. ಅಲ್ಲಿ ಹೌದು-ಅಲ್ಲ ಬಗೆಯ ಸೆಟ್ಟಿಂಗ್‌ಗೆ ಸಮಚಿಹ್ನೆಯೇ ಇಲ್ಲದೆ ಹೆಸರು ಮಾತ್ರ ಬರೆದರೆ ಹೌದು ಎಂದು ಅರ್ಥ. ಹೆಸರು ಬರೆದು, ಸಮಚಿಹ್ನೆ ಹಾಕಿ, ಮುಂದೆ ಖಾಲಿ ಬಿಟ್ಟರೆ ಅಲ್ಲ ಎಂದು ಅರ್ಥ. ಸಾಲೇ ಇಲ್ಲದಿದ್ದರೆ ಡಿಫಾಲ್ಟ್. ಮೂರು ಬರವಣಿಗೆಗೆ ಮೂರು ಅರ್ಥ, ಮತ್ತು ಮೂರೂ ದಾಖಲೆಯಲ್ಲಿ ಬರೆದಿವೆ. ಇಂಥ ಫೈಲನ್ನು ಸಾಮಾನ್ಯ ಐಎನ್‌ಐ ಪಾರ್ಸರ್‌ನಿಂದ ಓದಿದರೆ ಮೊದಲಿನ ಎರಡರ ನಡುವಿನ ವ್ಯತ್ಯಾಸ ಕಾಣೆಯಾಗಬಹುದು, ಅಂದರೆ ಉತ್ತರವೇ ತಿರುವುಮುರುವಾಗಬಹುದು.

ಈಗ ಹಂತಗಳನ್ನು ಒಂದರ ಮೇಲೊಂದು ಕೂಡಿಸುವ ವಿಚಾರಕ್ಕೆ ಬರುತ್ತೇನೆ. ಕೂಡಿಸುವಾಗ ಕೇಳಬೇಕಾದದ್ದು ಒಂದೇ: ಈ ಹಂತ ಏನಾದರೂ ಹೇಳಿದೆಯೇ? ಹೇಳಿದ್ದರೆ, ಹೇಳಿದ್ದು ಖಾಲಿಯಾಗಿದ್ದರೂ ಸರಿ, ಅದೇ ಗೆಲ್ಲಬೇಕು. ಕಮಾಂಡ್ ಸಾಲಿನಿಂದ ಜಾಲತಾಣಗಳನ್ನು ಸಂಪರ್ಕಿಸುವ ಕರ್ಲ್ ಇದನ್ನೇ ಮಾಡುತ್ತದೆ: ಎನ್ವಿರಾನ್‌ಮೆಂಟ್‌ನಲ್ಲಿ ಪ್ರಾಕ್ಸಿ ಇದ್ದಾಗಲೂ ಪ್ರಾಕ್ಸಿ ಆಯ್ಕೆಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಪ್ರಾಕ್ಸಿ ಇಲ್ಲದೆ ಸಂಪರ್ಕಿಸುತ್ತದೆ. ಚರ್ಚೆ ಆರಂಭಿಸಿದವರ ಅಗತ್ಯ ಇದೇ ಅಲ್ಲವೇ? ಎಲ್ಲ ಹಂತಗಳನ್ನೂ ಕೂಡಿಸಿದ ಮೇಲೆ ಉಳಿದ ಒಂದು ಉತ್ತರವನ್ನು ಸೆಟ್ಟಿಂಗ್‌ನ ಘೋಷಣೆಗೆ ಒಪ್ಪಿಸಬೇಕು. ಖಾಲಿಯನ್ನು ಒಪ್ಪುತ್ತೇನೆ, ಖಾಲಿ ಬಂದರೆ ಡಿಫಾಲ್ಟ್ ಬಳಸುತ್ತೇನೆ, ಖಾಲಿ ಬಂದರೆ ಆರಂಭವಾಗುವುದಿಲ್ಲ ಎಂಬ ಮೂರರಲ್ಲಿ ಒಂದನ್ನು ಘೋಷಣೆಯೇ ಹೇಳುತ್ತದೆ. ಪ್ರಾಕ್ಸಿ ಮೊದಲನೆಯದನ್ನು ಆರಿಸಿಕೊಳ್ಳುತ್ತದೆ, ಪಾಸ್‌ವರ್ಡ್ ಮೂರನೆಯದನ್ನು.

ಪಟ್ಟಿ ರೂಪದ ಸೆಟ್ಟಿಂಗ್‌ಗಳಲ್ಲಿ ಖಾಲಿಯ ಬೆಲೆ ಇನ್ನೂ ಹೆಚ್ಚು. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಸರ್ವಿಸ್ ಆರಂಭಿಸುವ ಆದೇಶವನ್ನು ಡ್ರಾಪ್-ಇನ್ ಫೈಲ್ (ಮೂಲ ಫೈಲಿನ ಮೇಲೆ ಸೇರುವ ಹೆಚ್ಚುವರಿ ಫೈಲ್) ಮೂಲಕ ಬದಲಿಸಬೇಕಾದರೆ ಮೊದಲು 'ಎಕ್ಸೆಕ್‌ಸ್ಟಾರ್ಟ್=' ಎಂಬ ಖಾಲಿ ಸಾಲು ಬರೆದು, ಅದರ ಕೆಳಗೆ ಹೊಸ ಆದೇಶ ಬರೆಯಬೇಕು. ಖಾಲಿ ಸಾಲು ಅಲ್ಲಿಯವರೆಗೆ ಕೂಡಿಕೊಂಡ ಪಟ್ಟಿಯನ್ನು ಅಳಿಸುತ್ತದೆ. ಅದನ್ನು ಬಿಟ್ಟರೆ ಹಳೆಯ ಆದೇಶವೂ ಹೊಸದೂ ಎರಡೂ ಉಳಿಯುತ್ತವೆ, ಮತ್ತು ಒನ್‌ಶಾಟ್ (ಒಮ್ಮೆ ಓಡಿ ಮುಗಿಯುವ) ಬಗೆಯದಲ್ಲದ ಸರ್ವಿಸ್ ಅದನ್ನು ನಿರಾಕರಿಸುತ್ತದೆ. ಗಿಟ್‌ನ ಕ್ರೆಡೆನ್ಷಿಯಲ್ ಹೆಲ್ಪರ್ ಪಟ್ಟಿಯೂ ಖಾಲಿ ಮೌಲ್ಯ ಬಂದಾಗ ಹೀಗೆಯೇ ಬರಿದಾಗುತ್ತದೆ.

ನಲ್‌ನ ಪಾತ್ರ ಇವೆರಡಕ್ಕಿಂತ ಬೇರೆ. ಕುಬರ್ನೆಟೀಸ್ ಪ್ಯಾಕೇಜುಗಳನ್ನು ಸ್ಥಾಪಿಸುವ ಹೆಲ್ಮ್‌ನಲ್ಲಿ ಚಾರ್ಟ್‌ನ (ಪ್ಯಾಕೇಜಿನ) ಡಿಫಾಲ್ಟ್ ಕೀಯೊಂದಕ್ಕೆ ನಲ್ ಕೊಟ್ಟರೆ ಆ ಕೀ ತೆಗೆದುಹಾಕಲ್ಪಡುತ್ತದೆ. 2014ರ ಆರ್‌ಎಫ್‌ಸಿ 7396 ವಿವರಿಸುವ ಜೇಸನ್ ಮರ್ಜ್ ಪ್ಯಾಚ್‌ನಲ್ಲೂ ನಲ್ ಎಂದರೆ ಅಳಿಸು ಎಂದೇ ಅರ್ಥ, ಹಾಗಾಗಿ ಆ ವಿಧಾನದಲ್ಲಿ ನಲ್ ಅನ್ನೇ ಮೌಲ್ಯವಾಗಿ ಇಡಲು ಬರುವುದಿಲ್ಲ. ನಿಮ್ಮ ಲೈಬ್ರರಿ ಯಾಮಲ್ ಓದುತ್ತಿದ್ದರೆ, ನಲ್ ಬಂದಾಗ ಮೇಲಿನ ಹಂತ ಸುಮ್ಮನಿದೆ ಎಂದೋ, ಕೆಳಗಿನ ಹಂತದ್ದನ್ನು ಅಳಿಸಿ ಕೋಡಿನ ಡಿಫಾಲ್ಟ್‌ಗೆ ಮರಳಬೇಕೆಂದೋ ಮೊದಲೇ ಬರೆದಿಡಿ. ನಾನಾಗಿದ್ದರೆ ಎರಡನೆಯದನ್ನು ಆರಿಸುತ್ತಿದ್ದೆ, ಏಕೆಂದರೆ ಸುಮ್ಮನಿರಲು ಸಾಲನ್ನೇ ಬರೆಯದಿರುವ ದಾರಿ ಹೇಗೂ ಇದೆ.

ಟೈಪ್_ಪ್ರಿಯೆ

ಒಂದು ಸಣ್ಣ ಸೇರ್ಪಡೆ. ಖಾಲಿ ಸ್ಟ್ರಿಂಗ್‌ಗೆ ಆಗುವ ತೊಂದರೆಯೇ ಸೊನ್ನೆಗೂ 'ಫಾಲ್ಸ್'ಗೂ ಆಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ `||` ಬಳಸಿ ಡಿಫಾಲ್ಟ್ ಕೊಟ್ಟರೆ, ಮರುಪ್ರಯತ್ನಗಳ ಸಂಖ್ಯೆ ಸೊನ್ನೆ ಇರಲಿ ಎಂದು ಬರೆದವರಿಗೆ ಡಿಫಾಲ್ಟ್ ಸಂಖ್ಯೆಯೇ ಸಿಗುತ್ತದೆ. 2020ರ ಆವೃತ್ತಿಯಲ್ಲಿ ಬಂದ `??` ನಲ್ ಅಥವಾ ಅನ್‌ಡಿಫೈನ್ಡ್ ಇದ್ದಾಗ ಮಾತ್ರ ಡಿಫಾಲ್ಟ್ ತೆಗೆದುಕೊಳ್ಳುತ್ತದೆ. ಪೈಥಾನ್‌ನಲ್ಲಿ `ಆರ್` ಪದ ಬಳಸಿ ಡಿಫಾಲ್ಟ್ ಕೊಡುವ ಅಭ್ಯಾಸಕ್ಕೂ ಇದೇ ದೋಷವಿದೆ. ಪ್ರೋಗ್ರಾಂಗಳ ನಡುವೆ ದತ್ತಾಂಶ ಸಾಗಿಸುವ ಸ್ವರೂಪವಾದ ಪ್ರೋಟೊಬಫ್‌ನ ಮೂರನೇ ಆವೃತ್ತಿ ಸರಳ ಫೀಲ್ಡ್‌ಗಳಲ್ಲಿ 'ಕೊಟ್ಟಿದ್ದಾರೆಯೇ' ಎಂಬ ಮಾಹಿತಿಯನ್ನು ಕೈಬಿಟ್ಟಿತ್ತು. ಬಳಕೆದಾರರಿಗೆ ಅದು ಬೇಕೇ ಬೇಕಾದ್ದರಿಂದ 'ಆಪ್ಷನಲ್' ಪದವನ್ನು ಮರಳಿ ತಂದರು, 2021ರ 3.15ರಿಂದ ಅದು ಯಾವ ವಿಶೇಷ ಆಯ್ಕೆಯೂ ಇಲ್ಲದೆ ಕೆಲಸ ಮಾಡುತ್ತದೆ. ರಸ್ಟ್‌ನಲ್ಲಿ ಆಪ್ಷನ್ (ಮೌಲ್ಯ ಇರಬಹುದು, ಇಲ್ಲದಿರಬಹುದು ಎನ್ನುವ ಟೈಪ್) ಒಳಗೆ ಇನ್ನೊಂದು ಆಪ್ಷನ್ ಇಟ್ಟು ಇಲ್ಲ, ನಲ್, ಮೌಲ್ಯ ಎಂಬ ಮೂರನ್ನೂ ಹಿಡಿಯುವವರಿದ್ದಾರೆ. ನಾನಾದರೆ ಮೂರು ಹೆಸರುಳ್ಳ ಒಂದು ಈನಮ್ (ಸಾಧ್ಯವಿರುವ ಸ್ಥಿತಿಗಳನ್ನು ಹೆಸರಿಸುವ ಟೈಪ್) ಬರೆಯುತ್ತೇನೆ. ಆರು ತಿಂಗಳ ನಂತರ ಕೋಡ್ ಓದುವವರಿಗೆ ಅದು ಬೇಗ ಅರ್ಥವಾಗುತ್ತದೆ.

ನಿಯೋಜನೆ_ವಿಭಾಗ

ಪಾರ್ಸರ್ ಅಭ್ಯಾಸಿಗಳ ವಿಂಗಡಣೆ ನನಗೆ ಒಪ್ಪಿಗೆ. ಓದುವಾಗ ಏನನ್ನೂ ಕಳೆಯಬಾರದು ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಎನ್ವಿರಾನ್‌ಮೆಂಟ್ ಹಂತದಲ್ಲಿ 'ಖಾಲಿಯಾಗಿದ್ದರೂ ಸರಿ, ಅದೇ ಗೆಲ್ಲಬೇಕು' ಎಂಬ ಸಾಲನ್ನು ನಾನು ಹಾಗೇ ಬಿಡಲಾರೆ. ಕಂಪೋಸ್ ತುಂಬಿದ ಖಾಲಿ ಮೌಲ್ಯವು ಫೈಲಿನಲ್ಲಿ ಸರಿಯಾಗಿ ಬರೆದಿದ್ದ ಪಾಸ್‌ವರ್ಡನ್ನು ಬದಿಗೆ ತಳ್ಳಿ, ಆಮೇಲೆ 'ಖಾಲಿ ಬಂದಿದೆ, ಆರಂಭವಾಗುವುದಿಲ್ಲ' ಎಂದು ಸರ್ವಿಸ್ ನಿಲ್ಲುವುದಾದರೆ, ಸುರಕ್ಷತೆ ಉಳಿದರೂ ಸೇವೆ ಉಳಿಯಲಿಲ್ಲ.

ನನ್ನ ಸಲಹೆ ಹೀಗಿದೆ. ಎನ್ವಿರಾನ್‌ಮೆಂಟ್‌ನಲ್ಲಿ ಖಾಲಿ ಎಂದರೆ ಸುಮ್ಮನಿದೆ ಎಂದೇ ಇರಲಿ. ಬೇಡವೆಂದು ಹೇಳಬೇಕಾದ ಸೆಟ್ಟಿಂಗ್‌ಗಳಿಗೆ ಅದಕ್ಕಾಗಿಯೇ ಒಂದು ಪದ ಕೊಡಿ. ಗೋ ಸಲಕರಣೆಗಳಲ್ಲಿ ಮಾಡ್ಯೂಲ್ ಪ್ರಾಕ್ಸಿಯ ವೇರಿಯಬಲ್‌ಗೂ ಚೆಕ್‌ಸಮ್ ಡೇಟಾಬೇಸ್‌ನ ವೇರಿಯಬಲ್‌ಗೂ 'ಆಫ್' ಎಂಬ ಪದ ಕೊಡಬಹುದು. ಅದನ್ನು ಯಾವ ಟೆಂಪ್ಲೇಟೂ ಆಕಸ್ಮಿಕವಾಗಿ ಬರೆಯುವುದಿಲ್ಲ, ವಿಂಡೋಸ್‌ನಲ್ಲೂ ಬರೆಯಬಹುದು, ಲಾಗ್‌ನಲ್ಲಿ ನೋಡಿದವರಿಗೂ ತಕ್ಷಣ ತಿಳಿಯುತ್ತದೆ.

ಶೆಲ್_ಬಳಕೆದಾರ

ಪದ ಕೊಡುವ ಸಲಹೆಗೆ ಒಂದು ಮಿತಿ ಇದೆ. ಆ ಪದವೇ ನಿಜವಾದ ಮೌಲ್ಯವೂ ಆಗಬಹುದಾದ ಸೆಟ್ಟಿಂಗ್‌ಗಳಲ್ಲಿ ಅದು ನಡೆಯುವುದಿಲ್ಲ. ಪ್ರಾಕ್ಸಿ ವಿಳಾಸಕ್ಕೆ 'ಆಫ್' ಎಂಬ ಪದ ಗೊಂದಲ ಮಾಡುವ ಸಂಭವ ಕಡಿಮೆ. ಲಾಗ್‌ನ ಪ್ರತಿ ಸಾಲಿನ ಮುಂದೆ ಸೇರಿಸುವ ಪೂರ್ವಪದದಂಥ, ಬಳಕೆದಾರರು ಯಾವ ಅಕ್ಷರಗಳನ್ನಾದರೂ ಬರೆಯಬಹುದಾದ ಸೆಟ್ಟಿಂಗ್‌ನಲ್ಲಿ ಯಾವ ಪದವನ್ನು ಮೀಸಲಿಟ್ಟರೂ ಅದು ಒಬ್ಬರಿಗಾದರೂ ಅಡ್ಡಿಯಾಗುತ್ತದೆ. ಅಂಥವುಗಳಿಗೆ ಖಾಲಿ ಸ್ಟ್ರಿಂಗೇ ಸಹಜವಾದ ಉತ್ತರ. ಆದ್ದರಿಂದ ಎನ್ವಿರಾನ್‌ಮೆಂಟ್‌ನಲ್ಲಿ ಖಾಲಿಯನ್ನು ಸುಮ್ಮನಿದೆ ಎಂದು ಎಣಿಸುವುದು ಸಾಮಾನ್ಯ ನಿಯಮವಾಗಿರಲಿ, ಆದರೆ ಖಾಲಿಯನ್ನೇ ಮೌಲ್ಯವಾಗಿ ಸ್ವೀಕರಿಸುತ್ತೇನೆಂದು ಘೋಷಿಸಿಕೊಳ್ಳುವ ಸೌಲಭ್ಯ ಪ್ರತಿ ಸೆಟ್ಟಿಂಗ್‌ಗೂ ಇರಲಿ.

ಸೆಟ್ಟಿಂಗ್_ಓದುಗ

ಇಲ್ಲಿಯವರೆಗಿನ ಚರ್ಚೆಯ ಆಧಾರದ ಮೇಲೆ ಹೀಗೆ ಬರೆದುಕೊಂಡಿದ್ದೇನೆ. ಓದುವ ಹಂತ ಇಲ್ಲ, ನಲ್, ಖಾಲಿ, ಮೌಲ್ಯ ಎಂಬ ನಾಲ್ಕು ಸ್ಥಿತಿಗಳನ್ನು ಇದ್ದಂತೆಯೇ ಮೇಲಕ್ಕೆ ಕಳುಹಿಸುತ್ತದೆ. ಫೈಲಿನಲ್ಲಿ ಖಾಲಿ ಬರೆದರೆ ಅದು ಬರೆದವರ ಮಾತೇ ಆಗಿರುತ್ತದೆ. ಎನ್ವಿರಾನ್‌ಮೆಂಟ್‌ನ ಖಾಲಿ, ಸೆಟ್ಟಿಂಗ್ ಬೇರೆ ರೀತಿ ಘೋಷಿಸದ ಹೊರತು, ಮಾತಾಗುವುದಿಲ್ಲ. ನಲ್ ಬಂದರೆ ಕೆಳಗಿನ ಹಂತಗಳನ್ನು ಮರೆತು ಕೋಡಿನ ಡಿಫಾಲ್ಟ್‌ಗೆ ಮರಳುವುದು. ಪಾಸ್‌ವರ್ಡ್ ಮತ್ತು ಕೀಗಳ ಮಟ್ಟಿಗೆ ಕೊನೆಯ ಉತ್ತರ ಖಾಲಿಯಾದರೆ ಆರಂಭವನ್ನೇ ನಿಲ್ಲಿಸುವುದು.

ಒಂದು ಚಿಂತೆ ಉಳಿದಿದೆ. ನಾವು ಮೊದಲಿನಿಂದ ಹಂಚುತ್ತಿರುವ ಮಾದರಿ ಕಾನ್ಫಿಗ್ ಫೈಲಿನಲ್ಲಿ ಎಲ್ಲ ಕೀಗಳನ್ನೂ ಬರೆದು ಮುಂದೆ ಖಾಲಿ ಬಿಡಲಾಗಿದೆ, ಬೇಕಾದವರು ತುಂಬಿಕೊಳ್ಳಲಿ ಎಂಬ ಉದ್ದೇಶದಿಂದ. ಅದನ್ನು ನಕಲು ಮಾಡಿಕೊಂಡ ಬಳಕೆದಾರರೆಲ್ಲರ ಫೈಲಿನಲ್ಲೂ ಖಾಲಿ ಸಾಲುಗಳಿವೆ. ಹೊಸ ನಿಯಮ ಜಾರಿಯಾದ ದಿನ ಆ ಸಾಲುಗಳಿಗೆಲ್ಲ ಇದ್ದಕ್ಕಿದ್ದಂತೆ ಅರ್ಥ ಬರುತ್ತದೆ.

ಡೇಟಾಬೇಸ್_ನಿರ್ವಾಹಕಿ

ಮಾದರಿ ಫೈಲನ್ನೇ ಮೊದಲು ಬದಲಿಸಿ. ಪೋಸ್ಟ್‌ಗ್ರೆಸ್ ಜೊತೆ ಬರುವ ಫೈಲಿನಲ್ಲಿ ಹೆಚ್ಚಿನ ಸಾಲುಗಳು ಡಿಫಾಲ್ಟ್ ಮೌಲ್ಯದ ಸಮೇತ ಕಾಮೆಂಟ್ ಆಗಿಯೇ ಇರುತ್ತವೆ. ಓದುವವರಿಗೆ ಯಾವ ಸೆಟ್ಟಿಂಗ್‌ಗಳಿವೆ, ಏನೂ ಬರೆಯದಿದ್ದರೆ ಏನಾಗುತ್ತದೆ ಎಂಬ ಎರಡೂ ಅಲ್ಲೇ ತಿಳಿಯುತ್ತವೆ, ಮತ್ತು ಫೈಲನ್ನು ನಕಲು ಮಾಡಿದ ಮಾತ್ರಕ್ಕೆ ಅವರು ಏನನ್ನೂ ಹೇಳಿದಂತಾಗುವುದಿಲ್ಲ. ಇದು ನಿಮ್ಮ ಮುಂದಿನ ಬಳಕೆದಾರರನ್ನು ಕಾಪಾಡುತ್ತದೆ.

ಈಗಾಗಲೇ ಇರುವವರಿಗಾಗಿ, ಒಂದು ಆವೃತ್ತಿಯಲ್ಲಿ ನಡವಳಿಕೆ ಬದಲಿಸದೆ ಎಚ್ಚರಿಕೆ ಮಾತ್ರ ಕೊಡಿ. ಎಚ್ಚರಿಕೆಯಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ, ಈಗ ಬಳಕೆಯಾಗುತ್ತಿರುವ ಮೌಲ್ಯ, ಮುಂದಿನ ಆವೃತ್ತಿಯಲ್ಲಿ ಆಗುವ ಬದಲಾವಣೆ ಇವೆಲ್ಲ ಇರಬೇಕು. 'ಖಾಲಿ ಸೆಟ್ಟಿಂಗ್ ಕಂಡುಬಂದಿದೆ' ಎಂಬಷ್ಟೇ ಸಂದೇಶದಿಂದ ಯಾರಿಗೂ ಪ್ರಯೋಜನವಿಲ್ಲ. ಇದರ ಜೊತೆಗೆ, ಕೊನೆಗೆ ಯಾವ ಮೌಲ್ಯ ಎಲ್ಲಿಂದ ಬಂತೆಂದು ತೋರಿಸುವ ಒಂದು ಕಮಾಂಡ್ ಕೊಡಿ. ಗಿಟ್‌ನಲ್ಲಿ 'ಶೋ ಆರಿಜಿನ್' ಆಯ್ಕೆ ಇದೆ, ಪೋಸ್ಟ್‌ಗ್ರೆಸ್‌ನ ಸೆಟ್ಟಿಂಗ್ ಪಟ್ಟಿಯಲ್ಲಿ ಮೂಲದ ಕಾಲಂ ಇದೆ. ಪಾಸ್‌ವರ್ಡ್‌ಗಳ ಮೌಲ್ಯವನ್ನು ಮರೆಮಾಡಬೇಕು ನಿಜ, ಆದರೆ ಅದು ಇದೆಯೋ, ಖಾಲಿಯೋ, ಇಲ್ಲವೇ ಇಲ್ಲವೋ ಎಂಬುದನ್ನು ಮರೆಮಾಡಬೇಡಿ. ಮೂರಕ್ಕೂ ಒಂದೇ ನಕ್ಷತ್ರಗಳ ಸಾಲು ಮುದ್ರಿಸಿದರೆ ತೊಂದರೆ ಹುಡುಕುವವರ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ಪಾರ್ಸರ್_ಅಭ್ಯಾಸಿ

ಮೇಲಿನ ಸಲಹೆಗಳಿಗೆ ನನ್ನ ಪೂರ್ಣ ಸಮ್ಮತಿ ಇದೆ. ಇನ್ನೆರಡು ವಿಷಯಗಳು ನಿಮ್ಮ ನಿಯಮದಲ್ಲಿ ಸೇರಬೇಕು.

ಹೆಸರು ತಪ್ಪಾಗಿ ಬರೆದ ಕೀ ಕೂಡ ನಿಮ್ಮ ಲೈಬ್ರರಿಯ ಕಣ್ಣಿಗೆ 'ಇಲ್ಲ' ಎಂದೇ ಕಾಣುತ್ತದೆ. ಬಳಕೆದಾರರು ಹೇಳಿದ್ದಾರೆ, ಆದರೆ ಪ್ರೋಗ್ರಾಂಗೆ ಕೇಳಿಸಿಲ್ಲ. ಇಲ್ಲದಿರುವುದಕ್ಕೆ ಅರ್ಥ ಕೊಡಲು ಹೊರಟಿರುವಾಗ, ಗುರುತಿಸಲಾಗದ ಕೀಗಳನ್ನು ಸದ್ದಿಲ್ಲದೆ ಬಿಟ್ಟುಬಿಡುವ ಹಾಗಿಲ್ಲ. ಫೈಲಿನ ಮಟ್ಟಿಗೆ ಅವನ್ನು ದೋಷವೆಂದೇ ಪರಿಗಣಿಸಿ, ಹತ್ತಿರದ ಸರಿ ಹೆಸರನ್ನು ಸೂಚಿಸಿ. ಎನ್ವಿರಾನ್‌ಮೆಂಟ್‌ನಲ್ಲಿ ಬೇರೆ ಪ್ರೋಗ್ರಾಂಗಳ ವೇರಿಯಬಲ್‌ಗಳೂ ಇರುವುದರಿಂದ, ನಿಮ್ಮ ಪೂರ್ವಪದದಿಂದ ಆರಂಭವಾಗುವವನ್ನು ಮಾತ್ರ ಪರೀಕ್ಷಿಸಬಹುದು.

ಎರಡನೆಯದು ಬರಿಯ ಜಾಗ ಅಥವಾ ಹೊಸಸಾಲಿನ ಅಕ್ಷರ ಮಾತ್ರ ಇರುವ ಮೌಲ್ಯ. ಡಾಕರ್ ಮತ್ತು ಕುಬರ್ನೆಟೀಸ್‌ಗಳಲ್ಲಿ ಗುಪ್ತ ಮೌಲ್ಯಗಳನ್ನು ಫೈಲಾಗಿ ಜೋಡಿಸುವ ಪದ್ಧತಿ ಇದೆ. ಆ ಫೈಲನ್ನು ಎಕೋ ಆದೇಶದಿಂದ ಸೃಷ್ಟಿಸಿದ್ದರೆ ಕೊನೆಯಲ್ಲಿ ಒಂದು ಹೊಸಸಾಲು ಸೇರಿಕೊಂಡಿರುತ್ತದೆ. ಮೂಲ ಮೌಲ್ಯ ಖಾಲಿಯಾಗಿದ್ದರೆ ಫೈಲಿನಲ್ಲಿ ಉಳಿಯುವುದು ಆ ಒಂದು ಅಕ್ಷರವೇ, ಮತ್ತು ಉದ್ದ ಸೊನ್ನೆಯೇ ಎಂದು ನೋಡುವ ಪರೀಕ್ಷೆ ಅದನ್ನು ಒಳಗೆ ಬಿಟ್ಟುಬಿಡುತ್ತದೆ. ಗುಪ್ತ ಮೌಲ್ಯದ ಫೈಲಿನಿಂದ ಕೊನೆಯ ಒಂದು ಹೊಸಸಾಲನ್ನು ಮಾತ್ರ ತೆಗೆದು, ಆಮೇಲೆ ಖಾಲಿಯೇ ಎಂದು ಪರೀಕ್ಷಿಸಿ. ಎರಡೂ ತುದಿಗಳ ಜಾಗಗಳನ್ನೆಲ್ಲ ಕತ್ತರಿಸಬೇಡಿ, ಪಾಸ್‌ವರ್ಡ್‌ನ ಭಾಗವಾಗಿಯೇ ಜಾಗ ಇರಬಹುದು. ಸಂಖ್ಯೆ ಅಥವಾ ಹೌದು-ಅಲ್ಲ ಬಗೆಯ ಸೆಟ್ಟಿಂಗ್‌ಗೆ ಖಾಲಿ ಬಂದರೆ ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಮಾಡುವಂತೆ ದೋಷ ಎಸೆಯುವುದೇ ಸರಿ. ಗಿಟ್‌ನಂತೆ ಖಾಲಿಯನ್ನು 'ಅಲ್ಲ' ಎಂದು ಓದುವ ನಿಯಮವನ್ನು ಹೊಸ ಲೈಬ್ರರಿಯಲ್ಲಿ ಅನುಸರಿಸಬೇಕೆಂದು ನಾನು ಹೇಳಲಾರೆ.

ಟೈಪ್_ಪ್ರಿಯೆ

ಪ್ರತಿ ಸೆಟ್ಟಿಂಗ್‌ಗೂ ಸಾಲು ಇಲ್ಲದಿರುವುದು, ನಲ್, ಖಾಲಿ ಸ್ಟ್ರಿಂಗ್, ಬರಿಯ ಜಾಗ, ಸರಿಯಾದ ಮೌಲ್ಯ ಎಂಬ ಐದು ಒಳಹರಿವುಗಳ ಟೆಸ್ಟ್ ಟೇಬಲ್ ಒಂದನ್ನು ಘೋಷಣೆಯಿಂದಲೇ ತಾನಾಗಿ ಸೃಷ್ಟಿಸಿ. ಹೊಸ ಸೆಟ್ಟಿಂಗ್ ಸೇರಿಸುವವರು ಖಾಲಿಗೆ ಏನು ಅರ್ಥವೆಂದು ಹೇಳದಿದ್ದರೆ ಕೋಡ್ ಕಂಪೈಲ್ ಆಗದಂತೆ ಮಾಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಸೆಟ್ಟಿಂಗ್_ಓದುಗ

ಎಲ್ಲರಿಗೂ ಕೃತಜ್ಞತೆಗಳು. ಮಾದರಿ ಫೈಲಿನ ಖಾಲಿ ಸಾಲುಗಳನ್ನೆಲ್ಲ ಡಿಫಾಲ್ಟ್ ಸಮೇತ ಕಾಮೆಂಟ್ ಮಾಡುವ ಬದಲಾವಣೆಯನ್ನು ಮೊದಲು ಕಳುಹಿಸುತ್ತೇನೆ, ಏಕೆಂದರೆ ಅದರಿಂದ ಯಾರ ಸರ್ವಿಸ್ ಕೂಡ ಬದಲಾಗುವುದಿಲ್ಲ. ಎಚ್ಚರಿಕೆ ಕೊಡುವ ಆವೃತ್ತಿ ಮತ್ತು ಮೂಲ ತೋರಿಸುವ ಕಮಾಂಡ್ ಅದರ ನಂತರ ಒಟ್ಟಿಗೆ ಬರುತ್ತವೆ. ಎನ್ವಿರಾನ್‌ಮೆಂಟ್‌ನ ಖಾಲಿಯನ್ನು ಮೌಲ್ಯವಾಗಿ ಸ್ವೀಕರಿಸುವ ಘೋಷಣೆಯನ್ನು ಸದ್ಯಕ್ಕೆ ಪ್ರಾಕ್ಸಿ ಮತ್ತು ಲಾಗ್ ಪೂರ್ವಪದಕ್ಕೆ ಮಾತ್ರ ಕೊಡುತ್ತೇನೆ. ವಿಂಡೋಸ್ ಬಳಕೆದಾರರಿಗಾಗಿ ಪ್ರಾಕ್ಸಿಗೆ 'ಆಫ್' ಪದವೂ ನಡೆಯುತ್ತದೆ.